ವಾಲ್ತೆಲ್ಲಿನಾದ ಕೆಂಪು ವೈನ್ ಆರಿಸುವುದು, ತೆರೆಯುವುದು, ಕುಡಿಯುವುದು

ಗ್ಲಾಸಿಗೆ ಸುರಿದ ಕೂಡಲೇ ಮೋಸ ಹೋದೆವಾ ಅನ್ನಿಸುವ ವೈನ್ ಇದು. ಬಣ್ಣ ಅಷ್ಟು ತೆಳು. ಪುನರ್ಪುಳಿ ಶರಬತ್ತಿಗೆ ನೀರು ಜಾಸ್ತಿಯಾದ ಹಾಗೆ. ಗ್ಲಾಸಿನ ಹಿಂದೆ ಪತ್ರಿಕೆ ಹಿಡಿದರೆ ಅಕ್ಷರ ಓದಬಹುದು, ಅಂಚಿನಲ್ಲಿ ಸ್ವಲ್ಪ ಇಟ್ಟಿಗೆ ಬಣ್ಣ ಕಾಣುತ್ತದೆ. ಊರಿಂದ ಬಂದ ಸ್ನೇಹಿತರಿಗೆ ಕೊಟ್ಟಾಗ ಹೆಚ್ಚಿನವರು ಮೊದಲು ಕೇಳುವುದು "ಇದು ಲೈಟ್ ವೈನಾ?" ಅಂತ. ಒಂದು ಗುಟುಕು ಹೋಗಲಿ. ಬಲಿಯದ ನೇರಳೆ ಹಣ್ಣು ಕಚ್ಚಿದ ಹಾಗೆ ಒಸಡೆಲ್ಲ ಹಿಡಿದುಕೊಳ್ಳುತ್ತದೆ, ಅದರ ಹಿಂದೆಯೇ ಹುಳಿ ಬಂದು ಬಾಯಲ್ಲಿ ನೀರೂರುತ್ತದೆ, ನುಂಗಿದ ಮೇಲೆ ಪನ್ನೀರು ಗುಲಾಬಿಯ ಒಣಗಿದ ಎಸಳಿನಂಥ ವಾಸನೆ ಉಳಿಯುತ್ತದೆ. ಹಾಗಾಗಿ ಮೊದಲ ಪಾಠ ಇಷ್ಟೇ: ಈ ವೈನನ್ನು ಬಣ್ಣ ನೋಡಿ ಅಳೆಯಬೇಡಿ.

ನಾನು ಮಿಲಾನಿನಲ್ಲಿ ನೆಲೆಸಿದ ಮೇಲೆ ಇದರ ಪರಿಚಯವಾಯಿತು. ಇಟಲಿಗೆ ಬರುವ ಗೆಳೆಯರು "ಯಾವ ವೈನ್ ತರಬೇಕು, ಬಾರೋಲೊನಾ?" ಅಂತ ಕೇಳುತ್ತಲೇ ಇರುತ್ತಾರೆ. ಇಟಲಿಯ ಹೆಸರಾಂತ ಕೆಂಪು ವೈನ್ ಅದು, ಒಳ್ಳೆಯದೇ. ಆದರೆ ಅದೇ ದ್ರಾಕ್ಷಿ ಇನ್ನೊಂದು ಕಡೆ, ಬಂಡೆಗೆ ಅಂಟಿಕೊಂಡ ಮೆಟ್ಟಿಲು ತೋಟಗಳಲ್ಲಿ ಬೆಳೆಯುತ್ತದೆ, ಬೆಲೆಯೂ ಅದಕ್ಕಿಂತ ಕಡಿಮೆ, ಅದನ್ನು ಕೇಳುವವರೇ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಜಾಗ ಎಲ್ಲಿದೆ ಅಂತ ತಿಳಿದರೆ ಮುಂದಿನದ್ದೆಲ್ಲ ಸುಲಭ. ವಾಲ್ತೆಲ್ಲಿನಾ ಇರುವುದು ಉತ್ತರ ಇಟಲಿಯ ಲೊಂಬಾರ್ದಿಯಾದಲ್ಲಿ, ಸ್ವಿಟ್ಜರ್ಲೆಂಡ್ ಗಡಿಗೆ ತಾಗಿಕೊಂಡು. ಮುಖ್ಯ ಊರು ಸೊಂದ್ರಿಯೊ. ಆಲ್ಪ್ಸ್‌ನಲ್ಲಿ ಬಹಳಷ್ಟು ದೊಡ್ಡ ಕಣಿವೆಗಳು ಉತ್ತರ ದಕ್ಷಿಣವಾಗಿ ಹೋಗುತ್ತವೆ, ಇದು ಪೂರ್ವದಿಂದ ಪಶ್ಚಿಮಕ್ಕೆ ಮಲಗಿದೆ. ಅದ್ದಾ ನದಿ ಅದರ ನಡುವೆ ಹರಿದು ಕೋಮೊ ಸರೋವರ ಸೇರುತ್ತದೆ. ಹಾಗಾಗಿ ನದಿಯ ಉತ್ತರ ದಂಡೆಯ ಇಳಿಜಾರು ಇಡೀ ದಿನ ದಕ್ಷಿಣದ ಬಿಸಿಲಿಗೆ ಮುಖ ಮಾಡಿರುತ್ತದೆ. ಹಿಂದೆ ಎತ್ತರದ ಬೆಟ್ಟ ಉತ್ತರದ ಚಳಿಗಾಳಿಯನ್ನು ತಡೆಯುತ್ತದೆ, ಸರೋವರದ ಕಡೆಯಿಂದ ಬ್ರೇವಾ ಅನ್ನುವ ಗಾಳಿ ಬಂದು ಗೊಂಚಲುಗಳ ತೇವ ಆರಿಸುತ್ತದೆ. ಸುಮಾರು 300ರಿಂದ 700 ಮೀಟರ್ ಎತ್ತರದಲ್ಲಿ ತೋಟಗಳಿವೆ. ಎದುರಿನ ದಂಡೆ ನೆರಳು, ಅಲ್ಲಿ ಕಾಡು.

ಬೆಳೆಯುವ ದ್ರಾಕ್ಷಿ ನೆಬ್ಬಿಯೋಲೊ. ಇಲ್ಲಿನವರು ಅದನ್ನು ಕಿಯಾವೆನ್ನಾಸ್ಕಾ ಅಂತ ಕರೆಯುತ್ತಾರೆ. ತೋಟದಲ್ಲಿ ಯಾರಾದರೂ ಆ ಹೆಸರು ಹೇಳಿದರೆ ಬೇರೆ ತಳಿ ಅಂದುಕೊಳ್ಳಬೇಡಿ. ಈ ದ್ರಾಕ್ಷಿಯ ಸಿಪ್ಪೆಯಲ್ಲಿ ಬಣ್ಣ ಕಡಿಮೆ, ಒಗರು ಜಾಸ್ತಿ. ತಡವಾಗಿ ಹಣ್ಣಾಗುತ್ತದೆ, ಅಕ್ಟೋಬರ್ ತನಕ ಕಾಯಬೇಕು.

ಇನ್ನು ಗೋಡೆಗಳು. ಸೊಂದ್ರಿಯೊ ಪಕ್ಕದ ಸಾಸ್ಸೆಲ್ಲಾದಲ್ಲಿ ಒಂದು ಸೆಪ್ಟೆಂಬರ್ ಸಂಜೆ ತೋಟದ ದಾರಿ ಹತ್ತಿದ್ದೆ. ಸೂರ್ಯ ಬೆಟ್ಟದ ಹಿಂದೆ ಹೋಗಿ ಮುಕ್ಕಾಲು ಗಂಟೆ ಆಗಿತ್ತು, ಸ್ವೆಟರ್ ಹಾಕಿಕೊಂಡಿದ್ದೆ. ಸುಮ್ನೆ ಗೋಡೆಗೆ ಕೈ ಇಟ್ಟೆ, ರೊಟ್ಟಿ ತೆಗೆದು ಸ್ವಲ್ಪ ಹೊತ್ತಾದ ಹಂಚಿನ ಹಾಗೆ ಬೆಚ್ಚಗಿತ್ತು. ಸಂದಿಯಲ್ಲಿ ಹಲ್ಲಿ. ಕೆಳಗೆ ಬಂಡೆಯ ಮೇಲೆ ಪಾಪಾಸುಕಳ್ಳಿ! ನಮ್ಮ ಬಯಲುಸೀಮೆಯ ಬೇಲಿಯಲ್ಲಿ ನೋಡಿ ಗೊತ್ತಿರುವ ಗಿಡ, ಹಿಮದ ಬೆಟ್ಟಗಳ ನಡುವೆ ಬೆಳೆದಿದೆ. ಆ ಕಲ್ಲು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಬಳ್ಳಿಗೆ ಕೊಡುತ್ತದೆ. ಇಷ್ಟು ಎತ್ತರದಲ್ಲಿ ನೆಬ್ಬಿಯೋಲೊ ಹಣ್ಣಾಗುವುದಕ್ಕೆ ಅದೂ ಒಂದು ಕಾರಣ.

ಆ ಗೋಡೆಗಳಿಗೆ ಸಿಮೆಂಟಿಲ್ಲ, ಗಾರೆಯಿಲ್ಲ. ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದು. ಜೋರು ಮಳೆ ಬಂದಾಗ ನೀರು ಸಂದಿಯಲ್ಲಿ ಇಳಿದುಹೋಗುತ್ತದೆ, ಗಾರೆ ಹಾಕಿದ್ದರೆ ನೀರು ಹಿಂದೆ ನಿಂತು ಗೋಡೆಯನ್ನೇ ತಳ್ಳಿಬಿಡುತ್ತಿತ್ತು. ಎಲ್ಲ ಸೇರಿಸಿದರೆ ಕಣಿವೆಯಲ್ಲಿ ಸುಮಾರು 2,500 ಕಿಲೋಮೀಟರ್ ಇಂಥ ಗೋಡೆ ಇದೆ ಅಂತ ಲೆಕ್ಕ. ಗೋಡೆಯ ಹಿಂದೆ ತುಂಬುವ ಮಣ್ಣನ್ನೂ ಬೆನ್ನ ಮೇಲೆ ಬುಟ್ಟಿ ಹೊತ್ತು ತಂದದ್ದು. ಹೀಗೆ ಗಾರೆಯಿಲ್ಲದೆ ಗೋಡೆ ಕಟ್ಟುವ ಕೆಲಸವನ್ನು ಯುನೆಸ್ಕೊ 2018ರಲ್ಲಿ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿತು, ಇಟಲಿ ಮತ್ತು ಸ್ವಿಟ್ಜರ್ಲೆಂಡ್ ಸೇರಿ ಎಂಟು ದೇಶಗಳ ಹೆಸರಿನಲ್ಲಿ. ಆದರೆ ಗೋಡೆ ತಾನಾಗಿ ನಿಲ್ಲುವುದಿಲ್ಲ. ಒಂದು ಕಡೆ ಕಲ್ಲು ಸಡಿಲವಾದರೆ ಗೋಡೆಗೆ ಹೊಟ್ಟೆ ಬರುತ್ತದೆ, ಇಟಾಲಿಯನ್ನಿನಲ್ಲೂ ಅದಕ್ಕೆ ಹೊಟ್ಟೆಯ ಮಾತೇ ಇದೆ. ಅಷ್ಟರಲ್ಲೇ ಬಿಚ್ಚಿ ಕಟ್ಟದಿದ್ದರೆ ಮುಂದಿನ ಮಳೆಗೆ ಕೆಳಗಿನ ಮೂರು ಮೆಟ್ಟಿಲನ್ನೂ ಎಳೆದುಕೊಂಡು ಹೋಗುತ್ತದೆ. ಟ್ರ್ಯಾಕ್ಟರ್ ಹೋಗುವ ಜಾಗವಲ್ಲ. ಕತ್ತರಿಸುವುದು, ಕಟ್ಟುವುದು, ಕೊಯ್ಯುವುದು ಎಲ್ಲ ಕೈಯಲ್ಲೇ, ತೀರಾ ಕಡಿದಾದ ಕಡೆ ಕ್ರೇಟುಗಳನ್ನು ಹೆಲಿಕಾಪ್ಟರಿನಲ್ಲಿ ಇಳಿಸಿದ್ದೂ ಉಂಟು. ಒಂದು ಕಾಲಕ್ಕೆ ಇಡೀ ಬೆಟ್ಟದ ಮೈ ತುಂಬ ತೋಟವಿತ್ತು, ಈಗ ಉಳಿದಿರುವುದು ಸಾವಿರ ಹೆಕ್ಟೇರಿಗಿಂತ ಕಡಿಮೆ. ಮೇಲಿನ ಮೆಟ್ಟಿಲುಗಳಲ್ಲಿ ಪೊದೆ ಬೆಳೆದು ಗೋಡೆಯೇ ಕಾಣುವುದಿಲ್ಲ. ಅದನ್ನು ನೋಡಿದರೆ ಹೊಟ್ಟೆ ಚುರ್ರೆನ್ನುತ್ತದೆ. ಹಾಗಾಗಿ ಅಂಗಡಿಯಲ್ಲಿ "ಇದಕ್ಕಿಂತ ಅಗ್ಗದ್ದು ಇಲ್ವಾ" ಅಂತ ಹುಡುಕಬೇಡಿ. ಇಪ್ಪತ್ತು ಯೂರೋಗೆ ಆ ಗೋಡೆಯೂ ಸೇರಿ ಬರುತ್ತದೆ.

ಈಗ ಲೇಬಲ್. ಮುಖ್ಯವಾಗಿ ಮೂರು ಹೆಸರು ನೆನಪಿಟ್ಟುಕೊಂಡರೆ ಸಾಕು. ಮೂರರಲ್ಲೂ ಕನಿಷ್ಠ 90% ನೆಬ್ಬಿಯೋಲೊ ಇರಲೇಬೇಕು.

ರೊಸ್ಸೊ ದಿ ವಾಲ್ತೆಲ್ಲಿನಾ ಎಲ್ಲಕ್ಕಿಂತ ಎಳೆಯದು, ಆರು ತಿಂಗಳಿಗೇ ಮಾರಾಟಕ್ಕೆ ಬರಬಹುದು. ಹುಳಿ ಚೆರ್ರಿ, ಗುಲಾಬಿ, ಹಗುರ ಮೈ. ನೆಬ್ಬಿಯೋಲೊ ಹೊಸದಾಗಿದ್ದರೆ ಇಲ್ಲಿಂದಲೇ ಶುರು ಮಾಡಿ. ಇಟಲಿಯಲ್ಲಿ ಹದಿನೈದು ಇಪ್ಪತ್ತು ಯೂರೋ ಆಸುಪಾಸು.

ವಾಲ್ತೆಲ್ಲಿನಾ ಸುಪೇರಿಯೋರೆ ನನ್ನ ಪ್ರಕಾರ ಈ ಕಣಿವೆಯ ನಿಜವಾದ ಮುಖ. 1998ರಲ್ಲಿ ಇದಕ್ಕೆ ಡಿಒಸಿಜಿ ಅನ್ನುವ ಇಟಲಿಯ ಮೇಲಿನ ದರ್ಜೆ ಸಿಕ್ಕಿತು, ಬಾಟಲಿಯ ಕತ್ತಿನ ಮೇಲೆ ಆ ಹೆಸರಿನ ಸರ್ಕಾರಿ ಪಟ್ಟಿ ಅಂಟಿಸಿರುತ್ತಾರೆ. ಎರಡು ವರ್ಷ ಬಲಿಯಬೇಕು, ಅದರಲ್ಲಿ ಒಂದು ವರ್ಷ ಮರದ ಪೀಪಾಯಿಯಲ್ಲಿ. ರಿಸೆರ್ವಾ ಅಂತಿದ್ದರೆ ಮೂರು ವರ್ಷ. ಇದರಲ್ಲೇ ಐದು ಉಪಪ್ರದೇಶಗಳಿವೆ, ಲೇಬಲ್ ಮೇಲೆ ದೊಡ್ಡದಾಗಿ ಕಾಣುವುದು ಹೆಚ್ಚಾಗಿ ಆ ಹೆಸರೇ. ಪಶ್ಚಿಮದಿಂದ ಪೂರ್ವಕ್ಕೆ ಹೇಳುವುದಾದರೆ ಮಾರೊಜ್ಜಾ, ಸಾಸ್ಸೆಲ್ಲಾ, ಗ್ರುಮೆಲ್ಲೊ, ಇನ್ಫೆರ್ನೊ, ವಾಲ್ಜೆಲ್ಲಾ. ಮಾರೊಜ್ಜಾ ತುಂಬ ಚಿಕ್ಕದು, ಅಂಗಡಿಯಲ್ಲಿ ಅಪರೂಪ. ಸಾಸ್ಸೆಲ್ಲಾ ಬರೀ ಬಂಡೆ, ವೈನೂ ಹಾಗೇ ನೆಟ್ಟಗೆ, ಬಿಗಿಯಾಗಿ ಇರುತ್ತದೆ, ವರ್ಷಗಟ್ಟಲೆ ಇಡಬಹುದು. ಗ್ರುಮೆಲ್ಲೊ ಅದರ ಮೇಲಿನ ಕೋಟೆಯಿಂದ ಹೆಸರು ಪಡೆದದ್ದು, ಸ್ವಲ್ಪ ಮೃದು, ಬೇಗ ಕುಡಿಯಲು ಸಿದ್ಧ. ಇನ್ಫೆರ್ನೊ ಅಂದರೆ ನರಕ. ಸಣ್ಣ ಸಣ್ಣ ಕಡಿದಾದ ಮೆಟ್ಟಿಲುಗಳಲ್ಲಿ ಬೇಸಿಗೆಯ ಬಿಸಿ ಆ ಮಟ್ಟಕ್ಕಿರುತ್ತದೆ, ವೈನೂ ಗಡಸು. ಪೂರ್ವದ ವಾಲ್ಜೆಲ್ಲಾ ಐದರಲ್ಲಿ ದೊಡ್ಡದು, ಹೂವಿನ ಪರಿಮಳ ಹೆಚ್ಚು, ಬಾಯಿಗೆ ತಂಪು. ಒಂದೇ ಬಾಟಲಿ ಕೊಳ್ಳುವುದಾದರೆ ನಾನು ಸಾಸ್ಸೆಲ್ಲಾ ಅನ್ನುತ್ತೇನೆ, ಎರಡಾದರೆ ಸಾಸ್ಸೆಲ್ಲಾ ಮತ್ತು ವಾಲ್ಜೆಲ್ಲಾ, ಒಂದೇ ಸಂಜೆ ಪಕ್ಕಪಕ್ಕ ಇಟ್ಟು ಕುಡಿದು ನೋಡಿ, ಒಂದೇ ದ್ರಾಕ್ಷಿ ಇಷ್ಟು ಬೇರೆಯಾಗುತ್ತದಾ ಅಂತ ನಿಮಗೇ ಗೊತ್ತಾಗುತ್ತದೆ.

ಮೂರನೆಯದು ಸ್ಫೊರ್ಸಾತೊ, ಸ್ಥಳೀಯರ ಬಾಯಲ್ಲಿ ಸ್ಫುರ್ಸಾತ್. ಒಳ್ಳೆಯ ಗೊಂಚಲುಗಳನ್ನು ಆರಿಸಿ, ಗಾಳಿಯಾಡುವ ಅಟ್ಟದಂಥ ಕೋಣೆಯಲ್ಲಿ ತಟ್ಟೆಗಳ ಮೇಲೆ ಹರಡಿ, ಚಳಿಗಾಲದ ತನಕ ಒಣಗಲು ಬಿಡುತ್ತಾರೆ. ತೂಕದಲ್ಲಿ ಮೂರನೇ ಒಂದು ಭಾಗದಷ್ಟು ಇಳಿದುಹೋಗುತ್ತದೆ. ಉಳಿದ ರಸ ಗಟ್ಟಿ, ಸಿಹಿ. ಆಮೇಲೆ ಹಿಂಡಿ ಹುದುಗಿಸಿದರೆ ಸಕ್ಕರೆಯೆಲ್ಲ ಮದ್ಯವಾಗಿ, ಕನಿಷ್ಠ 14% ಆಲ್ಕೋಹಾಲ್ ಇರುವ, ಸಿಹಿ ಇಲ್ಲದ ವೈನ್ ಬರುತ್ತದೆ. 2003ರಲ್ಲಿ ಇದಕ್ಕೂ ಡಿಒಸಿಜಿ ಸಿಕ್ಕಿತು. ಒಣದ್ರಾಕ್ಷಿ, ಖರ್ಜೂರ, ಲವಂಗದ ವಾಸನೆ. ಹೀಗೇ ಒಣಗಿಸಿದ ದ್ರಾಕ್ಷಿಯಿಂದ ಮಾಡುವ ಇಟಲಿಯ ಇನ್ನೊಂದು ಕೆಂಪು ವೈನ್ ಅಮರೋನೆ ಕುಡಿದು ಇಷ್ಟಪಟ್ಟವರಿಗೆ ಇದು ಹಿಡಿಸುತ್ತದೆ, ಆದರೆ ಅದಕ್ಕಿಂತ ಇದರಲ್ಲಿ ಹುಳಿ ಚುರುಕು. ಬೆಲೆ ಜಾಸ್ತಿ. ಮೊದಲ ಬಾಟಲಿಯಾಗಿ ಇದನ್ನು ತೆಗೆದುಕೊಳ್ಳಬೇಡಿ ಅಂತಲೇ ನನ್ನ ಸಲಹೆ. ಸುಪೇರಿಯೋರೆ ಗೊತ್ತಿದ್ದರೆ ಮಾತ್ರ ಇದರಲ್ಲಿ ಏನು ಬದಲಾಯಿತು ಅಂತ ತಿಳಿಯುತ್ತದೆ.

ತಯಾರಕರ ಹೆಸರು ಕೇಳುವವರಿಗೆ: ಕಿಯೂರೊ ಊರಿನ ನೀನೊ ನೆಗ್ರಿ 1897ರಿಂದ ಇದೆ, ದೊಡ್ಡ ವೈನ್ ಮನೆ, ಸುಲಭವಾಗಿ ಸಿಗುತ್ತದೆ. ಅರ್ಪೆಪೆ ಸೊಂದ್ರಿಯೊದ ಕುಟುಂಬ, ಬಾಟಲಿಗಳನ್ನು ಸಾಕಷ್ಟು ವರ್ಷ ನೆಲಮಾಳಿಗೆಯಲ್ಲೇ ಇಟ್ಟು ಆಮೇಲೆ ಮಾರುತ್ತಾರೆ, ಅವರ ರೊಸ್ಸೊ ಕುಡಿದೇ ನಾನು ಈ ಕಣಿವೆಗೆ ಮರುಳಾದದ್ದು. ವಾಲ್ಜೆಲ್ಲಾಕ್ಕೆ ಸಾಂದ್ರೊ ಫಾಯ್ ನೋಡಿ. ದಿರೂಪಿ, ರೈನೋಲ್ದಿ, ಮಾಮೆತೆ ಪ್ರೆವೊಸ್ತೀನಿ ಹೆಸರುಗಳು ಕಂಡರೂ ಧೈರ್ಯವಾಗಿ ತೆಗೆದುಕೊಳ್ಳಬಹುದು.

ಸ್ವಿಟ್ಜರ್ಲೆಂಡಿನಲ್ಲಿರುವ ಕನ್ನಡಿಗರಿಗೆ ಇನ್ನೂ ಒಂದು ಅನುಕೂಲ. 1512ರಿಂದ 1797ರ ತನಕ ಈ ಕಣಿವೆ ಗ್ರಿಸನ್ಸ್‌ನವರ (ಈಗ ಅದು ಸ್ವಿಟ್ಜರ್ಲೆಂಡಿನ ಒಂದು ರಾಜ್ಯ) ಆಳ್ವಿಕೆಯಲ್ಲಿತ್ತು. ಆಗಿನಿಂದ ಹೇಸರಗತ್ತೆಗಳ ಮೇಲೆ ಬೆಟ್ಟ ದಾಟಿ ಉತ್ತರಕ್ಕೆ ಹೋಗುತ್ತಿದ್ದ ವೈನ್ ಇಂದಿಗೂ ಅಲ್ಲಿ ಚೆನ್ನಾಗಿ ಓಡುತ್ತದೆ. ಅಲ್ಲಿನ ಹೋಟೆಲುಗಳಲ್ಲಿ ಕೆಂಪು ವೈನಿನ ಪಟ್ಟಿಯಲ್ಲಿ ವೆಲ್ಟ್‌ಲೀನರ್ ಅಂತ ಕಂಡರೆ ಅದು ಇದೇ. ಆಸ್ಟ್ರಿಯಾದ ಗ್ರ್ಯೂನರ್ ವೆಲ್ಟ್‌ಲೀನರ್ ಬೇರೆ, ಅದು ಬಿಳಿ ವೈನ್. ಸ್ಟಾಗಾಫಾಸ್ಲಿ ಅಂತ ಬರೆದಿದ್ದರೆ ಸ್ವಿಟ್ಜರ್ಲೆಂಡಿನಲ್ಲಿ ಬಾಟಲಿಗೆ ತುಂಬಿದ ಸುಪೇರಿಯೋರೆ ಅಂತ ಅರ್ಥ.

ಕೊಳ್ಳುವಾಗ ಬಾಟಲಿಯನ್ನು ಎಲ್ಲಿ ಇಟ್ಟಿದ್ದಾರೆ ನೋಡಿ. ಒಂದು ಜುಲೈನಲ್ಲಿ ಬಿಸಿಲು ಬೀಳುವ ಗಾಜಿನ ಕಿಟಕಿಯಲ್ಲಿ ಜೋಡಿಸಿಟ್ಟಿದ್ದ ಇನ್ಫೆರ್ನೊ ತಂದಿದ್ದೆ, ಒಂದು ಅಂಗಡಿಯಿಂದ. ಕಾರ್ಕ್ ಒಂದೆರಡು ಮಿಲಿಮೀಟರ್ ಮೇಲೆ ಎದ್ದಿತ್ತು, ಆಗ ನನಗೆ ಅದರ ಅರ್ಥ ತಿಳಿಯಲಿಲ್ಲ. ಒಳಗೆ ಬೇಯಿಸಿದ ಜಾಮಿನ ರುಚಿ, ಗುಲಾಬಿಯೂ ಇಲ್ಲ ಏನೂ ಇಲ್ಲ. ಹಾಗಾಗಿ ಕತ್ತಿನ ಮೇಲಿನ ಹೊದಿಕೆ ಉಬ್ಬಿದ್ದರೆ, ಅಂಟು ಅಂಟಾಗಿದ್ದರೆ ಬಿಟ್ಟುಬಿಡಿ.

ಭಾರತಕ್ಕೆ ತರುವವರಿಗೆ ಲೆಕ್ಕ ಸರಳ. ಒಬ್ಬರಿಗೆ ಎರಡು ಲೀಟರ್ ತನಕ ಸುಂಕವಿಲ್ಲ. ಮುಕ್ಕಾಲು ಲೀಟರಿನ ಬಾಟಲಿ ಎರಡು ಆರಾಮಾಗಿ ಬರುತ್ತದೆ, ಮೂರನೆಯದು ಮಿತಿ ದಾಟುತ್ತದೆ. ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್ ಇನ್ ಸೂಟ್‌ಕೇಸಿನಲ್ಲಿ ಸ್ವೆಟರ್ ಸುತ್ತಿ ನಡುವೆ ಇಡಿ. ಮನೆಗೆ ಬಂದ ಮೇಲೆ ಎರಡು ಮೂರು ವಾರ ಸುಮ್ನೆ ಮಲಗಿಸಿಡಿ, ಅಟ್ಟದ ಮೇಲೆ ಬೇಡ, ಮನೆಯ ತಂಪಾದ ಕತ್ತಲೆ ಮೂಲೆಯಲ್ಲಿ. ಪ್ರಯಾಣದ ಕುಲುಕಾಟ ಇಳಿಯಬೇಕು. ವರ್ಷಗಟ್ಟಲೆ ಇಡುವ ಯೋಚನೆಯಿದ್ದರೆ ನಮ್ಮ ಬೇಸಿಗೆಗೆ ವೈನ್ ಫ್ರಿಜ್ ಇಲ್ಲದೆ ಆಗುವುದಿಲ್ಲ. ಅದಿಲ್ಲದಿದ್ದರೆ ಯುಗಾದಿಯೊಳಗೆ ಕುಡಿದುಬಿಡಿ.

ತೆರೆಯುವುದು ಹೇಗೆ? ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಅಡಿಯಲ್ಲಿ ಗಸಿ ಕೂರಲಿ. "ರೂಮಿನ ಉಷ್ಣಾಂಶದಲ್ಲಿ ಕೊಡಿ" ಅಂತ ಬರೆದಿರುವುದು ಯುರೋಪಿನ ಹಳೆಯ ತಣ್ಣನೆ ಕೋಣೆಗೆ, ಬೆಂಗಳೂರಿನ ಏಪ್ರಿಲ್‌ಗೆ ಅಲ್ಲ. ಸುಪೇರಿಯೋರೆಗೆ 16ರಿಂದ 18 ಡಿಗ್ರಿ, ರೊಸ್ಸೊಗೆ ಇನ್ನೂ ಎರಡು ಡಿಗ್ರಿ ಕಡಿಮೆ. ಮನೆಯಲ್ಲಿ 28 ಇದ್ದರೆ ಫ್ರಿಜ್‌ನಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಇಡಿ. ಬಿಸಿಯಾದರೆ ಮದ್ಯದ ಘಾಟು ಮಾತ್ರ ಮೂಗಿಗೆ ಹೊಡೆಯುತ್ತದೆ, ತೀರಾ ತಣ್ಣಗಾದರೆ ಒಗರು ಮರದಂತೆ ಗಡಸಾಗುತ್ತದೆ. ತಣ್ಣಗಾಗಿದೆ ಅನ್ನಿಸಿದರೆ ಗ್ಲಾಸಿನ ಬುರುಡೆಯನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಳ್ಳಿ, ಐದು ನಿಮಿಷಕ್ಕೆ ಸರಿಹೋಗುತ್ತದೆ.

ಕಾರ್ಕ್ ತೆಗೆದ ಕೂಡಲೇ ಕುಡಿಯಬೇಡಿ. ಎಳೆಯ ಸುಪೇರಿಯೋರೆಗೆ ಒಂದು ಗಂಟೆ ಗಾಳಿ ಬೇಕು. ವೈನಿಗೆ ಗಾಳಿಯಾಡಿಸುವ ಗಾಜಿನ ಪಾತ್ರೆ, ಡಿಕ್ಯಾಂಟರ್, ಇಲ್ಲದಿದ್ದರೆ ಅಗಲ ಬಾಯಿಯ ಗಾಜಿನ ಜಗ್ಗಾದರೂ ಸಾಕು, ಸ್ಟೀಲ್ ಚೊಂಬು ಬೇಡ, ಗಸಿ ಬರುತ್ತಿದೆಯಾ ಅಂತ ಕಾಣಬೇಕಲ್ವಾ. ಹತ್ತು ಹದಿನೈದು ವರ್ಷದ ರಿಸೆರ್ವಾ ಆದರೆ ಜಗ್ಗಿಗೆ ಹೊಯ್ದು ಅಲ್ಲಾಡಿಸಬೇಡಿ, ಪರಿಮಳ ಬೇಗ ಹೋಗಿಬಿಡುತ್ತದೆ. ನಿಧಾನ ಗ್ಲಾಸಿಗೆ ಬಗ್ಗಿಸಿ, ಕೊನೆಯ ಎರಡು ಬೆರಳು ಬಾಟಲಿಯಲ್ಲೇ ಬಿಡಿ. ಗ್ಲಾಸ್ ದೊಡ್ಡದಿರಲಿ, ಮೂರನೇ ಒಂದು ಭಾಗ ಮಾತ್ರ ತುಂಬಿಸಿ. ಹತ್ತು ನಿಮಿಷಕ್ಕೊಮ್ಮೆ ಮೂಸಿ ನೋಡಿ: ಮೊದಲು ಚೆರ್ರಿ, ಆಮೇಲೆ ಗುಲಾಬಿ, ಆಮೇಲೆ ಒಣ ಸೊಪ್ಪು, ಮಳೆ ಬಿದ್ದ ಕಲ್ಲು. ಉಳಿದರೆ ಕಾರ್ಕ್ ಹಾಕಿ ಫ್ರಿಜ್‌ನಲ್ಲಿಡಿ. ಮಾರನೆಯ ದಿನ ಒಗರು ಇಳಿದು ಎಷ್ಟೋ ಸಲ ಇನ್ನೂ ಚೆನ್ನಾಗಿರುತ್ತದೆ.

ಊಟವಿಲ್ಲದೆ ಇದನ್ನು ಕುಡಿಯಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಈ ಒಗರಿಗೆ ಕೊಬ್ಬು ಬೇಕು. ಅಲ್ಲಿಯವರಿಗೆ ಅದು ಗೊತ್ತಿದ್ದೇ ಅವರ ಪಿತ್ಸೊಕ್ಕೆರಿ ಹುಟ್ಟಿದೆ. ಬಕ್‌ವೀಟ್, ಅಂದರೆ ಉತ್ತರ ಭಾರತದವರ ಕುಟ್ಟು ಹಿಟ್ಟಿನ ಕಂದು ಬಣ್ಣದ ಪಟ್ಟಿ ಪಾಸ್ತಾ, ಅದರ ಜೊತೆ ಬೇಯಿಸಿದ ಆಲೂಗಡ್ಡೆ, ಎಲೆಕೋಸು, ನಡುನಡುವೆ ಕಾಜೇರಾ ಚೀಸ್. ಕೊನೆಗೆ ಬೆಣ್ಣೆ ಕಾಯಿಸಿ, ಬೆಳ್ಳುಳ್ಳಿಯನ್ನೂ ಸೇಜ್ ಎಲೆಯನ್ನೂ ಕಂದು ಬರುವ ತನಕ ಹುರಿದು, ಚುಂಯ್ ಅಂತ ಮೇಲೆ ಸುರಿಯುತ್ತಾರೆ. ಒಗ್ಗರಣೆಯೇ ಅದು! ತೆಲ್ಯೊ ಊರು ಈ ತಿನಿಸಿನ ತವರು. ಒಂದು ತುತ್ತು ತಿಂದು ಒಂದು ಗುಟುಕು ಕುಡಿದರೆ, ಬಾಯಲ್ಲಿದ್ದ ಬೆಣ್ಣೆಯ ಜಿಡ್ಡನ್ನು ವೈನ್ ತೊಳೆಯುತ್ತದೆ, ವೈನಿನ ಒಗರನ್ನು ಬೆಣ್ಣೆ ನುಣುಪು ಮಾಡುತ್ತದೆ.

ನಮ್ಮ ಅಡುಗೆಯ ಜೊತೆ? ಖಾರದ ಮೆಣಸಿನಕಾಯಿಗೂ ಇದಕ್ಕೂ ಆಗಿಬರುವುದಿಲ್ಲ. ಖಾರ ಒಗರನ್ನು ಇನ್ನೂ ಕೆರಳಿಸುತ್ತದೆ, ಸ್ಫೊರ್ಸಾತೊ ಆದರೆ ಬಾಯಿ ಉರಿಯೇ. ಹುಳಿ, ಸಾರು, ಬಿಸಿಬೇಳೆ ಬಾತಿಗೆ ಬೇಡ. ಕಾಳುಮೆಣಸು ಪರವಾಗಿಲ್ಲ. ಕೊಡಗಿನ ಪಂದಿ ಕರಿಯನ್ನು ಮೆಣಸಿನಪುಡಿ ತಗ್ಗಿಸಿ, ಕಾಳುಮೆಣಸು ಮತ್ತು ಕಾಚಂಪುಳಿ ಮುಂದಿಟ್ಟು ಮಾಡಿದರೆ ಅದರ ಕೊಬ್ಬಿಗೂ ಹುಳಿಗೂ ಸುಪೇರಿಯೋರೆ ತುಂಬ ಚೆನ್ನಾಗಿ ಹೊಂದುತ್ತದೆ. ಸಸ್ಯಾಹಾರಿಗಳಿಗೆ ಬೆಣ್ಣೆಯಲ್ಲಿ ಹುರಿದ ಅಣಬೆ, ಜೀರಿಗೆ ಮೆಣಸಿನ ತುಪ್ಪದ ಪೊಂಗಲ್.

ಸಾಧ್ಯವಾದರೆ ಒಮ್ಮೆ ಹೋಗಿಯೇ ಬನ್ನಿ. ಮಿಲಾನೊ ಚೆಂತ್ರಾಲೆಯಿಂದ ತಿರಾನೊಗೆ ನೇರ ರೈಲಿದೆ, ಸುಮಾರು ಎರಡೂವರೆ ಗಂಟೆ. ಹೋಗುವಾಗ ಎಡಗಡೆಯ ಕಿಟಕಿ ಹಿಡಿಯಿರಿ. ಮೊದಲು ಅದೇ ಕಡೆ ಕೋಮೊ ಸರೋವರ ಸಿಗುತ್ತದೆ, ಕೋಲಿಕೊ ದಾಟಿ ರೈಲು ಪೂರ್ವಕ್ಕೆ ತಿರುಗಿದ ಮೇಲೆ ಅದೇ ಕಡೆ ತೋಟಗಳು. ತಿರಾನೊದಿಂದ ಮುಂದೆ ಬೆಟ್ಟ ಹತ್ತಿ ಸ್ವಿಟ್ಜರ್ಲೆಂಡಿಗೆ ಹೋಗುವ ಬೆರ್ನೀನಾದ ಕೆಂಪು ರೈಲು ಹತ್ತಲು ಬರುವವರು ತುಂಬಾ ಜನ, ಆದರೆ ಬಹುತೇಕರು ಸೊಂದ್ರಿಯೊದಲ್ಲಿ ಇಳಿಯುವುದೇ ಇಲ್ಲ. ನೀವು ಇಳಿಯಿರಿ. ಮೊರ್ಬೆನ್ಯೊದಿಂದ ತಿರಾನೊ ತನಕ ತೋಟಗಳ ನಡುವೆ ಸುಮಾರು 70 ಕಿಲೋಮೀಟರ್ ನಡೆಯುವ, ಸೈಕಲ್ ಹೊಡೆಯುವ ದಾರಿಯಿದೆ, ಎರಡು ಗಂಟೆ ನಡೆದರೂ ಸಾಕು. ವೈನ್ ಮನೆಗಳಿಗೆ ಮೊದಲೇ ಮೇಲ್ ಬರೆದು ಸಮಯ ಕೇಳಿಕೊಳ್ಳಿ. ಹೆಚ್ಚಿನವು ಸಣ್ಣ ಕುಟುಂಬಗಳು, ಬಾಗಿಲು ತಟ್ಟಿದರೆ ಎಲ್ಲರೂ ತೋಟದಲ್ಲಿರಬಹುದು. ಅಕ್ಟೋಬರ್ ಕೊಯ್ಲಿನಲ್ಲಿ ಅವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ, ಮೇ ಅಥವಾ ಜೂನ್ ಒಳ್ಳೆಯದು. ಗೋಡೆ ಹತ್ತಬೇಡಿ, ಅಂಚಿನ ಕಲ್ಲಿನ ಮೇಲೆ ಕೂರಲೂಬೇಡಿ, ಒಂದು ಕಲ್ಲು ಜಾರಿದರೆ ಯಾರೋ ಒಬ್ಬರ ಅರ್ಧ ದಿನದ ಕೆಲಸ. ಗ್ರಿಪ್ ಇರುವ ಶೂ, ನೀರಿನ ಬಾಟಲಿ, ಟೋಪಿ ಇರಲಿ. ವೈನ್ ರುಚಿ ನೋಡುವ ದಿನ ಕಾರು ಬೇಡ, ರೈಲೇ ಸರಿ. ಸಂಜೆ ಕೊನೆಯ ರೈಲಿನ ಸಮಯ ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ, ವಾಪಸ್ ಬರುವಾಗ ಬಲಗಡೆ ಕೂತುಕೊಳ್ಳಿ.